ಸೊರಬಕ್ಕೆ ಹೋಗಿಬಂದ ತೋಳ

ತೋಳವನ್ನು ಕೊಲ್ಲುವುದಕ್ಕೂ ಕಾಯುವುದಕ್ಕೂ ನನಗೆ ಸಂಬಳ ಕೊಟ್ಟದ್ದು ಒಂದೇ ಇಲಾಖೆ. ಈ ಎರಡು ಕೆಲಸಗಳ ನಡುವೆ ನಾನು ಬಟ್ಟೆಯನ್ನೂ ಬದಲಾಯಿಸಲಿಲ್ಲ. ಅದೇ ಖಾಕಿ, ಅದೇ ಬೆಲ್ಟು, ಹಿಮ್ಮಡಿ ಸವೆದ ಅದೇ ಬೂಟು.

ಹೊಸದಾಗಿ ಫಾರೆಸ್ಟ್ ಗಾರ್ಡ್ ಕೆಲಸಕ್ಕೆ ಸೇರಿರುವ ಪರಿಚಯದ ಹೆಣ್ಣುಮಗಳೊಬ್ಬಳು ಮೊನ್ನೆ ಮನೆಗೆ ಬಂದು, “ಕೆಲಸ ಹೇಗಿರುತ್ತೆ, ನಾಲ್ಕು ಮಾತು ಹೇಳಿ ಸಾರ್” ಎಂದಳು. ತರಬೇತಿಯಲ್ಲಿ ಏನೇನು ಹೇಳಿಕೊಟ್ಟರಮ್ಮಾ ಎಂದೆ. ಕಾಯ್ದೆ, ನಕ್ಷೆ ಓದುವುದು, ಬೆಂಕಿ ಆರಿಸುವುದು, ಸೆಲ್ಯೂಟ್ ಹೊಡೆಯುವುದು ಎಂದು ಬೆರಳು ಮಡಚಿದಳು. ಪ್ರಾಣಿಯ ಹೆಸರನ್ನು ಸರಿಯಾಗಿ ಬರೆಯುವುದನ್ನು ಹೇಳಿಕೊಟ್ಟರೇ ಎಂದು ಕೇಳಿದೆ. ನಕ್ಕಳು. ನಾನು ತಮಾಷೆಗೆ ಕೇಳಿರಲಿಲ್ಲ. ಅವಳಿಗೆಂದೇ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾವ ಮಂತ್ರಿ ಹಾರ ಹಾಕಿದರು ಎಂಬುದೆಲ್ಲ ಇಲ್ಲಿಲ್ಲ. ಬಡ್ತಿ ಎಲ್ಲರಿಗೂ ಬರುತ್ತದೆ. ಅದಕ್ಕೆ ಸಾಯದೆ ಇರುವುದೊಂದೇ ಅರ್ಹತೆ.

ಅರವತ್ತರ ದಶಕದ ಕೊನೆಯ ವರ್ಷಗಳಲ್ಲಿ ನನ್ನನ್ನು ಸೊರಬ ತಾಲ್ಲೂಕಿನ ಜಡೆ ಕಡೆಗೆ ಹಾಕಿದ್ದರು. ಹೊಸಬಾಳೆಯಲ್ಲಿ ಗಣಪತೆಪ್ಪ ಎಂಬ ರೈತರಿದ್ದರು. ಒಂದು ದಿನ ಬೆಳಿಗ್ಗೆ ಅವರ ಕರು ಹುಲ್ಲು ಬೆಳೆದ ಬ್ಯಾಣದ ಅಂಚಿನಲ್ಲಿ ಸತ್ತುಬಿದ್ದಿತ್ತು. ನಾನು ಡೈರಿ ಹಿಡಿದು ಹೋದೆ.

“ಸೀಳುನಾಯಿ ಮಾರಾಯ್ರೆ,” ಎಂದರು ಗಣಪತೆಪ್ಪ. “ಏಳೆಂಟು ಇದ್ವು. ಕರ ನಿಂತ ಹಾಗೇ ಹರ್ದು ಹಾಕಿದ್ವು. ನಾನು ಕೂಗಿದ್ರೆ ನನ್ನನ್ನೇ ತಿರುಗಿ ನೋಡ್ತಾವೆ, ಎಂತುಕ್ಕೆ ಕೂಗ್ತೀಯ ಅನ್ನೋ ಹಾಗೆ.”

ಹೆಜ್ಜೆ ನೋಡಿದೆ, ಕೆಂಪು ಕೂದಲು ನೋಡಿದೆ. ಅನುಮಾನವೇ ಇರಲಿಲ್ಲ. ಆದರೆ ಆಫೀಸಿಗೆ ಬಂದು ಫಾರಂ ತೆಗೆದರೆ ಅದರಲ್ಲಿ ಸೀಳುನಾಯಿಗೆ ಕಾಲಂ ಇಲ್ಲ. ಯಾವುದೋ ಬಯಲುಸೀಮೆಯ ಜಿಲ್ಲೆಗೆಂದು ಅಚ್ಚು ಹಾಕಿಸಿ, ಮಿಕ್ಕಿದ್ದನ್ನು ನಮಗೆ ಕಳಿಸಿದ್ದರು. ಚಿರತೆಗೆ ಒಂದು ಕಾಲಂ, ತೋಳಕ್ಕೆ ಒಂದು, ಹಂದಿಗೆ ಒಂದು. ಪಕ್ಕದ ಮೇಜಿನ ಗುಮಾಸ್ತರನ್ನು ಕೇಳಿದೆ. ಅವರು ನಶ್ಯದ ಡಬ್ಬಿ ಮುಚ್ಚಿ ಹೇಳಿದರು: “ಕಾಲಂ ಇಲ್ಲದ ಪ್ರಾಣಿ ಸರ್ಕಾರದಲ್ಲಿ ಇಲ್ಲ ಕಣಯ್ಯಾ. ಹತ್ತಿರದ್ದು ಯಾವುದಿದೆಯೋ ಅದರಲ್ಲಿ ಬರಿ.”

ನಾಯಿಗೆ ಹತ್ತಿರದ್ದು ತೋಳ. ಬರೆದೆ. ಮುಂದಿನ ತಿಂಗಳೂ ಬರೆದೆ. ಜಡೆಯ ಸುತ್ತ ನಾನಿದ್ದಷ್ಟು ಕಾಲವೂ ಆ ಕಾಲಂ ತುಂಬುತ್ತಲೇ ಹೋಯಿತು. ಸೊರಬದ ಕಾಡಿನಲ್ಲಿ ಒಂದೇ ಒಂದು ತೋಳವನ್ನು ಕಾಣದೆ ಅಲ್ಲಿ ಹಿಂಡುಗಟ್ಟಲೆ ತೋಳ ಹುಟ್ಟಿಸಿದವನು ನಾನು.

ಆಮೇಲೆ ಶಿಕಾರಿಪುರ ತಾಲ್ಲೂಕಿಗೆ ವರ್ಗವಾಯಿತು. ನನ್ನ ಬೀಟು ತಾಳಗುಂದದ ಆಚೆಯ ಕುರುಚಲು ಗುಡ್ಡಗಳು. ಅಲ್ಲಿ ನಿಜವಾದ ತೋಳಗಳಿದ್ದವು. ದಟ್ಟ ಕಾಡು ಅವಕ್ಕೆ ಬೇಡ. ಬಯಲು ಬೇಕು, ಮೊಣಕಾಲೆತ್ತರದ ಹುಲ್ಲು ಬೇಕು, ಮಲಗಲು ಒಂದು ಕೊರಕಲು ಬೇಕು. ಬೂದು ಮಣ್ಣಿನ ಬಣ್ಣದ ಪ್ರಾಣಿ. ನಿಂತರೆ ಕಾಣುವುದಿಲ್ಲ, ಓಡಿದರೆ ಮಾತ್ರ ಗೊತ್ತಾಗುತ್ತದೆ.

ಆಗ ತೋಳವೆಂದರೆ ದುಷ್ಟಮೃಗ. ಬಾಲ ತಂದವನಿಗೆ ಇನಾಮು. ಬಾಲ ನೋಡಿ ದೃಢಪಡಿಸುವ ಅಧಿಕಾರ ಆಫೀಸಿನಲ್ಲಿ ಕೂತವರದು, ಅವರು ತೋಳ ನೋಡಿದವರಲ್ಲ. ಹಾಗಾಗಿ ನಮ್ಮ ತಾಲ್ಲೂಕಿನ ನರಿಗಳೆಲ್ಲ ಸತ್ತ ಮೇಲೆ ತೋಳದ ಪದವಿ ಪಡೆದವು. ಒಮ್ಮೆ ಬಂದ ಬಾಲಕ್ಕೆ ಕಟ್ಟಿದ್ದ ಕರಿದಾರ ಇನ್ನೂ ಹಾಗೇ ಇತ್ತು. ಯಾರೋ ಪಾಪ ದೃಷ್ಟಿಯಾಗದಿರಲೆಂದು ತಮ್ಮ ನಾಯಿಗೆ ಕಟ್ಟಿದ್ದು.

ಈ ಕೆಲಸಕ್ಕೆ ಪ್ರಾಣಿಯ ಕಾಲು ಕಚ್ಚಿ ಹಿಡಿಯುವ ಕಬ್ಬಿಣದ ಕತ್ತರಿಗಳನ್ನು ಮಾಡಿಕೊಡುತ್ತಿದ್ದವರು ಶಿಕಾರಿಪುರದ ದಸ್ತಗೀರ್ ಸಾಬರು. ನೇಗಿಲಿನ ಕುಳ, ಗಾಡಿ ಪಟ್ಟಿ, ಬಾಗಿಲ ಚಿಲಕ, ಏನು ಕೇಳಿದರೂ ಅಚ್ಚುಕಟ್ಟಾಗಿ ಮಾಡುವ ಕೈ. ಅವರ ಕತ್ತರಿಯಲ್ಲಿ ಕಾಲಿಟ್ಟರೆ ಮುಗಿಯಿತು. ಒಂದು ಬೇಸಿಗೆ ನಾನೇ ನಿಂತು ಒಂದು ಬಿಲಕ್ಕೆ ಹುಲ್ಲು ತುಂಬಿಸಿ ಹೊಗೆ ಹಾಕಿಸಿದೆ. ಒಳಗೆ ಮರಿಗಳಿದ್ದವು. ಕೆಮ್ಮಿನಂಥ ಸಣ್ಣ ಸದ್ದು ಕೇಳಿತು, ನಿಂತಿತು. ಅದಕ್ಕೆ ನನಗೊಂದು ಪ್ರಶಂಸಾಪತ್ರ ಕೊಟ್ಟರು. ಅದರಲ್ಲಿ ಕಾಗುಣಿತ ತಪ್ಪಿರಲಿಲ್ಲ, ಮೊಹರು ಸ್ಪಷ್ಟವಾಗಿತ್ತು. ಕಟ್ಟು ಹಾಕಿಸಬೇಕೆಂದು ಹೆಂಡತಿ ಹೇಳಿದಳು. ನಾನು ಟ್ರಂಕಿನ ತಳಕ್ಕೆ ಹಾಕಿದೆ.

ಅಷ್ಟರಲ್ಲಿ ಕಾಡುಪ್ರಾಣಿಗಳನ್ನು ಉಳಿಸುವ ಹೊಸ ಕಾಯ್ದೆ ಬಂತು. ಇಂಗ್ಲಿಷಿನ ಸುತ್ತೋಲೆ ಮೂರು ಕೈ ದಾಟಿ ನಮ್ಮ ಹತ್ತಿರ ಬಂದಾಗ ಅದರ ಅರ್ಥ ಇಷ್ಟು: ನಿನ್ನೆಯವರೆಗೆ ಕೊಂದವನಿಗೆ ಇನಾಮು, ನಾಳೆಯಿಂದ ಕೊಂದವನಿಗೆ ಜೈಲು. ತೋಳಕ್ಕೆ ಈ ವಿಷಯ ತಿಳಿಸುವ ಹೊಣೆಯನ್ನು ಮಾತ್ರ ಯಾರಿಗೂ ವಹಿಸಿರಲಿಲ್ಲ.

ಕಾಯ್ದೆಯ ಬೆನ್ನಿಗೇ ಹೊಸ ಸಾಹೇಬರು ಬಂದರು. ಹೆಸರು ಬೇಡ, ಒಳ್ಳೆಯ ಮನುಷ್ಯ. ಕಡಲ ಕಡೆಯವರು, ಎಲೆ ಕೀಳುವ ಮುಂಚೆ ಗಿಡದ ಹೆಸರು ಕೇಳುವಂಥವರು. ಪ್ರಾಣಿಗಳೆಂದರೆ ಪ್ರಾಣ. ಪರದೇಶದಲ್ಲಿ ನಿರ್ವಂಶವಾಗಿದ್ದ ತೋಳಗಳನ್ನು ಮತ್ತೆ ಕಾಡಿಗೆ ತಂದು ಬಿಡಬೇಕೆಂದು ದೊಡ್ಡ ವಿದ್ವಾಂಸರು ವಾದ ಮಾಡುತ್ತಿರುವುದನ್ನು ಓದಿದ್ದರು. ನಮ್ಮ ದೇಶದಲ್ಲಿ ಅಂಥದ್ದನ್ನು ಮೊದಲು ಮಾಡಿದವನು ತಾನಾಗಬೇಕು ಎಂಬುದು ಅವರ ಆಸೆ. ಆಸೆ ಕೆಟ್ಟದ್ದಲ್ಲ. ಆದರೆ ಆಸೆ ಇರುವವರ ಕೈಗೆ ಹಳೆಯ ಕಡತ ಸಿಗಬಾರದು.

ಕಡತ ಸಿಕ್ಕಿತು. ಒಂದು ದಿನ ನನ್ನನ್ನು ಕರೆಸಿ, ಮೇಜಿನ ಮೇಲೆ ಹಳದಿಯಾದ ಹಾಳೆಗಳನ್ನು ಹರಡಿ ಹೇಳಿದರು: “ನೋಡಯ್ಯಾ ಚನ್ನಬಸಪ್ಪ, ಕೆಲವೇ ವರ್ಷಗಳ ಹಿಂದೆ ಜಡೆ, ಹೊಸಬಾಳೆಯ ಸುತ್ತ ಎಷ್ಟೊಂದು ತೋಳ ಇದ್ದವು! ಈಗ ಅಲ್ಲಿ ಕೇಳಿದರೆ ಒಂದೂ ಇಲ್ಲವಂತೆ. ಕಣ್ಣೆದುರೇ ನಾಶವಾಗಿವೆ. ಈ ತಾಳಗುಂದದವನ್ನು ಹಿಡಿದು ಅಲ್ಲಿ ಬಿಡೋಣ. ಅವುಗಳ ಹಳೇ ಮನೆಗೆ ಅವುಗಳನ್ನು ಕಳಿಸೋಣ.”

ಅಕ್ಷರ ನನ್ನದು. ‘ತೋಳ’ದ ‘ಳ’ವನ್ನು ನಾನು ಬಾಲ ಎಳೆದು ಬರೆಯುವ ರೀತಿ ನನಗೇ ಗೊತ್ತಿತ್ತು. ಆಗಲೇ ಬಾಯಿ ಬಿಡಬೇಕಾಗಿತ್ತು. “ಹೌದು ಸಾರ್” ಎಂದೆ. ಹೊಸದಾಗಿ ಸೇರಿದವರು ಇದನ್ನು ಗಮನಿಸಬೇಕು: ನಮ್ಮ ಇಲಾಖೆಯಲ್ಲಿ ಅತಿ ಹೆಚ್ಚು ಕಾಡು ಹಾಳು ಮಾಡಿದ್ದು ಕೊಡಲಿಯಲ್ಲ, ಈ ಎರಡು ಪದ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ತಾಳಗುಂದದ ಗುಡ್ಡವನ್ನು ಖಾಲಿ ಮಾಡಲು ಅವಸರ ಯಾಕೆಂದರೆ ಅಲ್ಲಿ ನೀಲಗಿರಿ ನೆಡುವ ಹುಕುಂ ಬಂದಿತ್ತು. ‘ಬಂಜರು ಭೂಮಿ’ ಎಂದು ಕಾಗದ ಹೇಳುತ್ತಿತ್ತು. ತೋಳ, ಕೃಷ್ಣಮೃಗ, ಮೊಲ, ನೂರಾರು ಕುರಿ ಬದುಕುತ್ತಿದ್ದ ಜಾಗ ಸರ್ಕಾರದ ಕಣ್ಣಿಗೆ ಬಂಜರು, ಯಾಕೆಂದರೆ ಅಲ್ಲಿ ಕಡಿಯಲು ಮರವಿಲ್ಲ. ಹಾಗಾಗಿ ಒಂದೇ ಇಲಾಖೆ ಒಂದು ಕೈಯಲ್ಲಿ ತೋಳದ ಮನೆ ಅಗೆಯುತ್ತ, ಇನ್ನೊಂದು ಕೈಯಲ್ಲಿ ಅದಕ್ಕೆ ಪುನರ್ವಸತಿ ಕಲ್ಪಿಸುತ್ತಿತ್ತು.

ತಾಳಗುಂದದ ಶಾಲೆಯ ಪಡಸಾಲೆಯಲ್ಲಿ ಸಭೆ ಕರೆದರು. ಊರಿನವರ ಅಭಿಪ್ರಾಯ ಕೇಳಬೇಕೆಂದು ಸಾಹೇಬರೇ ಹೇಳಿದ್ದರು. ತೋಳ ಪ್ರಕೃತಿಯ ವೈದ್ಯ, ರೋಗ ಬಂದ ಪ್ರಾಣಿಯನ್ನು ಮಾತ್ರ ತಿಂದು ಹಿಂಡನ್ನು ಆರೋಗ್ಯವಾಗಿಡುತ್ತದೆ ಎಂದು ಅವರು ಮುಕ್ಕಾಲು ಗಂಟೆ ಮಾತಾಡಿದರು. ಬಂದೂಕಿನ ಲೈಸೆನ್ಸ್ ಇದ್ದ ಊರಿನ ಗೌಡರೊಬ್ಬರು ಎದ್ದು, “ಒಂದನ್ನೂ ಉಳಸಬಾರ್ದು, ಪೂರಾ ಹೊಡದು ಹಾಕಬೇಕು. ಕುರಿಯವರ ಗೋಳು ನೋಡಕಾಗಂಗಿಲ್ಲ” ಎಂದು ಕೈ ಬೀಸಿದರು. ಅವರ ಮನೆಯಲ್ಲಿ ಒಂದು ಕುರಿಯೂ ಇರಲಿಲ್ಲ. ಇಬ್ಬರೂ ಒಬ್ಬರ ಮಾತಿಗೆ ಒಬ್ಬರು ಮಾತು ಬೆಳೆಸಿದರು. ಕಾಯ್ದೆಯಂತೆ, ಧರ್ಮವಂತೆ, ಪರದೇಶವಂತೆ. ಕುರಿ ಇದ್ದವರು ಕಂಬಕ್ಕೊರಗಿ ಸುಮ್ಮನೆ ಕೂತಿದ್ದರು.

ಅವರಲ್ಲಿ ಹನುಮವ್ವ ಇದ್ದಳು. ಗಂಡ ತೀರಿಕೊಂಡ ಮೇಲೆ ಕುರಿ ಹಿಂಡನ್ನು ತಾನೇ ಮೇಯಿಸುತ್ತಿದ್ದ ಹೆಂಗಸು. ನಲವತ್ತರ ಆಚೀಚೆ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ನಾನಾಗಿಯೇ ಕೇಳಿದೆ: “ನೀನು ಏನಂತೀಯ ಹನುಮವ್ವ? ತೋಳ ಇರಬೇಕಾ ಬೇಡವಾ?”

ಅವಳು ಕೂತಲ್ಲಿಂದಲೇ ಸಾಹೇಬರನ್ನು ಕೇಳಿದಳು: “ಈ ತ್ವಾಳ ರೋಗ ಬಂದ ಕುರೀನ ಅಷ್ಟ ತಿಂತೈತಿ ಅಂದ್ರಲ್ರೀ, ಹೋದ ವಾರ ನನ್ನ ಹಿಂಡಿನಾಗ ಭಾಳ ಚಂದಿದ್ದ ಮರೀನ ಒಯ್ತು. ಅದಕ್ಕ ಯಾವ ರೋಗ ಇತ್ರೀ?”

ಪಡಸಾಲೆಯೆಲ್ಲ ನಕ್ಕಿತು. ಗೌಡರು ಗೆದ್ದವರಂತೆ ಸುತ್ತ ನೋಡಿದರು. ಹನುಮವ್ವ ಅವರ ಕಡೆಗೂ ತಿರುಗಿದಳು.

“ನೀವೂ ಕುಂದ್ರಿ ಗೌಡ್ರ. ತ್ವಾಳ ವರ್ಷಕ್ಕ ನಾಕೋ ಐದೋ ಮರಿ ಒಯ್ತೈತಿ. ಅತ್ತು ಸುಮ್ಮನಾಕ್ಕೀನಿ. ಈಗ ಆ ಗುಡ್ಡಕ್ಕ ನೀಲಗಿರಿ ಹಾಕ್ತಾರಂತ. ಅದು ನನ್ನ ಹುಲ್ಲು ಅಷ್ಟೂ ತಿಂತೈತಿ. ಅದನ್ನ ಹೊಡ್ಯಾಕ ನಿಮ್ಮ ಬಂದೂಕು ಬರ್ತೈತೇನು?”

ಸಾಹೇಬರು ಕಾಗದ ಜೋಡಿಸಿಕೊಂಡರು. ನೀಲಗಿರಿ ಅಂದಿನ ಸಭೆಯ ವಿಷಯವಲ್ಲ ಎಂದರು. ವರದಿಯಲ್ಲಿ ನನ್ನಿಂದ ಬರೆಸಿದ್ದು ಹೀಗೆ: ‘ಗ್ರಾಮಸ್ಥರು ಯೋಜನೆಯನ್ನು ಹರ್ಷದಿಂದ ಸ್ವಾಗತಿಸಿದರು.’ ನಗುವನ್ನು ಹರ್ಷವೆಂದು ಬರೆದರೆ ಸುಳ್ಳೂ ಆಗುವುದಿಲ್ಲ.

ಬೋನು ಮಾಡಿಕೊಡಬೇಕೆಂದು ದಸ್ತಗೀರ್ ಸಾಬರ ಹತ್ತಿರ ಹೋದೆ. ಅವರು ತಿದಿ ಒತ್ತುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

“ಅರೇ, ಹೋದ ವರ್ಷ ಕಾಲು ಮುರಿಯೋ ಹಂಗೆ ಮಾಡಿ ಅಂದ್ರಿ. ಈ ವರ್ಷ ಒಂದು ಕೂದ್ಲೂ ಕೊಂಕದ ಹಂಗೆ ಮಾಡಿ ಅಂತೀರಿ. ಮುಂದಿನ ವರ್ಷ ಏನು, ತೊಟ್ಲಾ?”

“ಹುಕುಂ ಸಾಬ್ರೇ,” ಎಂದೆ.

“ಮಾಡಿಕೊಡ್ತೀನಿ ಬಿಡಿ. ನನ್ಗೆ ಎರಡೂ ಕಬ್ಬಿಣನೇ.”

ಒಳ್ಳೆಯ ಬೋನನ್ನೇ ಮಾಡಿದರು. ಒಳಗೆ ಹಲಗೆ ತುಳಿದರೆ ಎರಡೂ ಕಡೆ ಮೇಲಿಂದ ಬಾಗಿಲು ಜಾರಿ ಬೀಳುವಂಥದ್ದು. ಗುಡ್ಡದಲ್ಲಿ ಅದನ್ನು ಇಳಿಸಿ, ಸಾಹೇಬರು ಬರುವ ಮುಂಚೆ ಒಮ್ಮೆ ನೋಡಿಬಿಡೋಣ ಎಂದು ನಾನು ಒಳಗೆ ತೂರಿದೆ. ಹಲಗೆ ತುಳಿದೆ. ಬಾಗಿಲು ಬಿತ್ತು. ಹೊರಗಿನಿಂದ ಎತ್ತಬೇಕಾದ ಕೊಕ್ಕೆ ಹೊರಗೇ ಇತ್ತು. ಜೊತೆಗೆ ಬಂದಿದ್ದ ವಾಚರ್ ನೀರು ತರಲು ಕೆರೆಗೆ ಹೋಗಿದ್ದ. ಆ ಯೋಜನೆಯಲ್ಲಿ ಮೊದಲು ಸೆರೆಸಿಕ್ಕ ಪ್ರಾಣಿ ನಾನು.

ಹಿಂಡು ಹೊಡೆದುಕೊಂಡು ಆ ದಾರಿಯಲ್ಲೇ ಹನುಮವ್ವ ಬಂದಳು. ಬೋನಿನ ಸುತ್ತ ಒಂದು ಸುತ್ತು ಹಾಕಿದಳು. ಕುರಿಗಳೂ ನಿಂತು ನೋಡಿದವು.

“ಇದನ್ನೂ ಸೊರಬಕ್ಕ ಬಿಟ್ಟು ಬರ್ತಾರೇನ್ರೀ ಗಾರ್ಡ್ ಸಾಹೇಬ್ರ?”

“ಕೊಕ್ಕೆ ಎತ್ತು ತಾಯಿ.”

“ತಡೀರಿ, ಇನ್ನೂ ಸ್ವಲ್ಪ ನೋಡ್ತೀನಿ. ಹಿಂಗ ಸಿಗಂಗಿಲ್ಲ ನೀವು.” ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡೇ ಕೊಕ್ಕೆ ಎತ್ತಿದಳು.

ನನ್ನ ನಂತರ ಬೋನಿಗೆ ಬಿದ್ದದ್ದು ಎರಡು ನಾಯಿ, ಒಂದು ನರಿ, ಗೌಡರ ಮನೆಯ ಮೇಕೆ. ಒಳಗೆ ಕಟ್ಟಿದ ಕುರಿಮರಿ ದಿನವೂ ಮೇವು ತಿಂದು ದಪ್ಪಗಾಯಿತು. ತೋಳ ಮಾತ್ರ ಬೋನಿನಿಂದ ದೂರ ಹಾದುಹೋದ ಹೆಜ್ಜೆ ಬಿಟ್ಟುಹೋಗುತ್ತಿತ್ತು. ತೋಳ ಬಿಡುವ ಸಮಾರಂಭಕ್ಕೆ ಮೇಲಧಿಕಾರಿಯೊಬ್ಬರು ಬರುವ ದಿನ ನಿಗದಿಯಾಗಿತ್ತು. ಸಾಹೇಬರು ಊಟ ಬಿಟ್ಟರು. “ಚನ್ನಬಸಪ್ಪ, ಈ ಗುಡ್ಡ ನಿನಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿಲ್ಲ. ಏನಾದರೂ ಮಾಡಯ್ಯಾ” ಎಂದು ಹೆಗಲ ಮೇಲೆ ಕೈಯಿಟ್ಟರು.

ನನಗೆ ಗೊತ್ತಿತ್ತು. ಗುಡ್ಡದ ಹಿಂದೆ ಒಂದು ಕಿರಿದಾದ ಕೊರಕಲಿತ್ತು. ಒಂದು ಹೆಣ್ಣು ತೋಳ ಬೆಳಿಗ್ಗೆ ಅದರ ಬಾಯಿಯಿಂದಲೇ ಒಳಗೆ ಹೋಗುವುದನ್ನು ಒಂದೆರಡು ಸಲ ನೋಡಿದ್ದೆ. ಹೆಗಲ ಮೇಲೆ ಸಾಹೇಬರ ಕೈ ಬಿದ್ದ ಖುಷಿಯಲ್ಲಿ, ಅದು ದಿನವೂ ಅದೇ ಜಾಗಕ್ಕೆ ಯಾಕೆ ಹೋಗುತ್ತಿದೆ ಎಂದು ಯೋಚಿಸಲಿಲ್ಲ. ಎರಡೂ ಕಡೆ ಬಾಗಿಲಿದ್ದ ಬೋನನ್ನು ಕೊರಕಲಿನ ಬಾಯಿಗೆ ಕೂರಿಸಿ, ಮೇಲೆ ಮುಳ್ಳುಕಂಟಿ ಮುಚ್ಚಿಸಿದೆ. ಬೇರೆ ದಾರಿಯೇ ಇರದಂತೆ ಅಕ್ಕಪಕ್ಕ ಕಲ್ಲು ಒಟ್ಟಿಸಿದೆ. ಎರಡು ದಿನ ಅದು ಹೊರಗೇ ಸುತ್ತಾಡಿತು. ಮೂರನೆಯ ದಿನ ಬೆಳಿಗ್ಗೆ ಒಳಗಿತ್ತು.

ಗದ್ದಲ ಮಾಡಲಿಲ್ಲ, ಹಲ್ಲು ತೋರಿಸಲಿಲ್ಲ. ಕೊರಕಲಿನ ಒಳಭಾಗದ ಕಡೆ ಮುಖ ಮಾಡಿ ನಿಂತಿತ್ತು. ಬಾಗಿಲು ಬಿದ್ದಾಗ ತಂತಿಗೆ ಸಿಕ್ಕಿ ಎಡಗಿವಿ ಹರಿದಿತ್ತು. ನಾನು ಬಗ್ಗಿ ನೋಡಿದೆ. ಕೆಚ್ಚಲು ತುಂಬಿತ್ತು. ಒಂದು ಮೊಲೆಯಿಂದ ಹಾಲು ತೊಟ್ಟಿಕ್ಕುತ್ತಿತ್ತು.

ಹನುಮವ್ವ ಆಗಲೇ ಬಂದು ನಿಂತಿದ್ದಳು. ಈ ಸಲ ಅವಳು ನಗಲಿಲ್ಲ.

“ಎದೀ ಹಾಲು ಇರೋ ತಾಯೀನ ಹಿಡದೀರಲ್ರೀ.”

“ನನಗೆ ಗೊತ್ತಿರಲಿಲ್ಲ ಹನುಮವ್ವ.”

“ಈಗ ಗೊತ್ತಾತಲ್ಲ.”

ಜೀಪಿನಿಂದ ಇಳಿದ ಸಾಹೇಬರಿಗೆ ಹೇಳಿದೆ. “ಸಾರ್, ಒಳಗೆ ಮರಿ ಇವೆ.” ಅವರ ಮುಖದಲ್ಲಿ ಏನೋ ಅಲ್ಲಾಡಿತು. ಸ್ವಲ್ಪ ಹೊತ್ತು ಬೋನಿನ ಮುಂದೆ ಕುಕ್ಕರುಗಾಲಲ್ಲಿ ಕೂತು ತೋಳವನ್ನೇ ನೋಡಿದರು. ಆಮೇಲೆ ಎದ್ದು ಪ್ಯಾಂಟಿನ ಧೂಳು ಕೊಡವಿದರು. “ಮರಿಗಳನ್ನು ಎರಡನೆಯ ಹಂತದಲ್ಲಿ ಸಾಗಿಸೋಣ. ನಾಳೆ ಅವರು ಬರುತ್ತಿದ್ದಾರೆ. ದಿನ ಬದಲಾಯಿಸಲಾಗುವುದಿಲ್ಲ.” ನಾನು ಮತ್ತೆ ಆ ಎರಡು ಪದ ಹೇಳಿದೆ.

ಲಾರಿಯಲ್ಲಿ ಸೊರಬದ ಕಡೆಗೆ ಹೊರಟೆವು. ಬೋನಿಗೆ ಗೋಣಿಚೀಲ ಹೊದಿಸಿದ್ದೆ. ನಾನು ಪಕ್ಕದಲ್ಲೇ ಕೂತಿದ್ದೆ. ದಾರಿಯುದ್ದಕ್ಕೂ ಆ ಪ್ರಾಣಿ ಗಾಳಿ ಬಂದ ಕಡೆಗೆಲ್ಲ ಮೂಗು ತಿರುಗಿಸುತ್ತಿತ್ತು. ಹೆದರಿದ್ದಕ್ಕೆ ಎಂದು ನಾನು ಎಣಿಸಿದೆ. ಅದು ದಾರಿ ಗುರುತು ಹಾಕಿಕೊಳ್ಳುತ್ತಿದ್ದಿರಬೇಕು.

ಹೊಸಬಾಳೆಯ ಕಾಡಂಚಿನಲ್ಲಿ ಶಾಮಿಯಾನ ಹಾಕಿದ್ದರು. ಕುರ್ಚಿಗಳು, ಹಾರ, ಫೋಟೋದವನು. ಊರಿನವರು ಕಣದ ಕೆಲಸ ಬಿಟ್ಟು ಬಂದಿದ್ದರು. ಗಣಪತೆಪ್ಪ ನನ್ನನ್ನು ಗುರುತು ಹಿಡಿದು ಹತ್ತಿರ ಬಂದರು.

“ಎಂತ ಮಾರಾಯ್ರೆ ಇದು? ನಮ್ಮಲ್ಲಿ ತೋಳ ಇತ್ತು ಅಂತ ಯಾರು ಹೇಳಿದ್ದು ನಿಮ್ಗೆ? ನಮ್ಮಜ್ಜನ ಕಾಲದಲ್ಲೂ ಕಂಡವರಿಲ್ಲ.”

“ಕಡತದಲ್ಲಿದೆ ಗಣಪತೆಪ್ಪನೋರೆ.”

“ಕಡತ ಬರೆದ ಪುಣ್ಯಾತ್ಮ ಯಾರು?”

ಆಗ ಮೇಲಧಿಕಾರಿ ಭಾಷಣಕ್ಕೆ ಎದ್ದರು, ನನಗೆ ಉತ್ತರ ಹೇಳುವುದು ತಪ್ಪಿತು. ತೋಳ ಇಂದು ತನ್ನ ತಾಯ್ನೆಲಕ್ಕೆ ಮರಳುತ್ತಿದೆ ಎಂದರು. ಚಪ್ಪಾಳೆ ಬಿತ್ತು. ಅವರು ಹಗ್ಗ ಎಳೆದರು, ಬೋನಿನ ಬಾಗಿಲು ಮೇಲೆದ್ದಿತು. ತಾಯ್ನೆಲಕ್ಕೆ ಮರಳಬೇಕಾದ್ದು ಮೂಲೆಯಲ್ಲಿ ಮುದುಡಿ ಕೂತಿತು. ಐದು ನಿಮಿಷ. ಹತ್ತು ನಿಮಿಷ. ಫೋಟೋದವನಿಗೆ ಕೈ ಸೋತಿತು. ಕೋಲಿನಿಂದ ತಿವಿಯಲು ಯಾರೋ ಹೇಳಿದರು. ಸಾಹೇಬರು ಸಿಟ್ಟಿನಿಂದ ತಡೆದರು. ಕೊನೆಗೆ ಗಣ್ಯರು ಖಾಲಿ ಕಾಡಿನ ಕಡೆ ಕೈ ತೋರಿಸುತ್ತ ಫೋಟೋ ತೆಗೆಸಿಕೊಂಡು ಜೀಪು ಹತ್ತಿದರು. ಧೂಳಡಗಿದ ಮೇಲೆ ತೋಳ ಎದ್ದು ಹೊರಗೆ ಬಂತು. ಎದುರಿಗಿದ್ದ ಕಾಡನ್ನು ಒಮ್ಮೆಯೂ ನೋಡಲಿಲ್ಲ. ನಾವು ಬಂದಿದ್ದ ರಸ್ತೆಯ ಕಡೆಗೆ ತಿರುಗಿ, ಗದ್ದೆ ಬದುವಿನ ಮೇಲೆ ಓಟವೂ ಅಲ್ಲದ ನಡಿಗೆಯೂ ಅಲ್ಲದ ಹೆಜ್ಜೆಯಲ್ಲಿ ಹೊರಟುಹೋಯಿತು.

ಗಣಪತೆಪ್ಪ ಹೇಳಿದರು: “ಅದಕ್ಕೆ ಗೊತ್ತಾತು ಕಣ್ರೀ. ನಿಮ್ಗೇ ಗೊತ್ತಾಗ್ಲಿಲ್ಲ.”

ಮರುದಿನ ಮಧ್ಯಾಹ್ನ ನಾನು ಕೊರಕಲಿಗೆ ಹೋದೆ. ಹೋಗಬೇಡವೆಂದು ಮನಸ್ಸು ಹೇಳುತ್ತಿತ್ತು. ಸತ್ತ ಮರಿಗಳನ್ನು ನೋಡುವ ಧೈರ್ಯ ನನಗಿರಲಿಲ್ಲ. ಕೊರಕಲಿನ ಮೇಲಿನ ದಿಬ್ಬದಲ್ಲಿ ಹನುಮವ್ವ ಕೂತಿದ್ದಳು. ಮಾತಾಡಬೇಡಿ ಎಂದು ಕೈಸನ್ನೆ ಮಾಡಿದಳು. ನಾನು ಪಕ್ಕದಲ್ಲಿ ಮಲಗಿ ಬಗ್ಗಿ ನೋಡಿದೆ. ಗಂಡು ತೋಳವೊಂದು ಬಿಲದ ಬಾಯಲ್ಲಿ ತಿಂದ ಮಾಂಸವನ್ನು ಕಕ್ಕುತ್ತಿತ್ತು. ಎರಡು ಮರಿ ಮುಗಿಬಿದ್ದು ತಿನ್ನುತ್ತಿದ್ದವು. ಮೂರನೆಯದು, ಎಲ್ಲಕ್ಕಿಂತ ಸಣ್ಣದು, ಅಷ್ಟು ದೂರದಲ್ಲಿ ಅಲ್ಲಾಡದೆ ಬಿದ್ದಿತ್ತು.

“ಅದಕ್ಕಿನ್ನೂ ಹಲ್ಲು ಮೂಡಿದ್ದಿಲ್ಲ ಅಂತ ಕಾಣ್ತೈತಿ,” ಎಂದು ಹನುಮವ್ವ ಪಿಸುಗುಟ್ಟಿದಳು. “ಹಾಲು ಬೇಕಿತ್ತು.”

ಅದಾದ ಮೂರನೆಯ ದಿನ ಹರಿದ ಎಡಗಿವಿಯ ತೋಳ ಆ ಕೊರಕಲಿನಲ್ಲಿತ್ತು. ಹೊಸಬಾಳೆಯಿಂದ ತಾಳಗುಂದದವರೆಗೆ ಗದ್ದೆ, ಊರು, ರಸ್ತೆ, ನಾಯಿ, ಬಂದೂಕು ಎಲ್ಲ ದಾಟಿಕೊಂಡು ನಡೆದು ಬಂದಿತ್ತು. ಪಾದ ಸವೆದು ಕುಂಟುತ್ತಿತ್ತು. ಉಳಿದ ಎರಡು ಮರಿಗಳು ಅದರ ಹೊಟ್ಟೆಯ ಕೆಳಗೆ ತೂರಿಕೊಂಡಿದ್ದವು.

ಆಫೀಸಿನಲ್ಲಿ ಆ ಹೊತ್ತಿಗೆ ವರದಿ ಟೈಪಾಗುತ್ತಿತ್ತು: ‘ಬಿಡಲಾದ ತೋಳವು ಸೊರಬದ ಅರಣ್ಯಕ್ಕೆ ಚೆನ್ನಾಗಿ ಹೊಂದಿಕೊಂಡಿದೆ.’ ಜೊತೆಗೆ ಎರಡನೆಯ ಹಂತಕ್ಕೆ ಮಂಜೂರಾತಿ ಕೋರಿಕೆ. ಅಂದರೆ ಬೋನು ಮತ್ತೆ ಗುಡ್ಡಕ್ಕೆ ಬರುತ್ತದೆ, ಕೊರಕಲಿನ ಬಾಯಿಗೆ ನಾನೇ ಅದನ್ನು ಕೂರಿಸಬೇಕಾಗುತ್ತದೆ. ಸುಮ್ಮನಿದ್ದರೆ ನನ್ನ ನೌಕರಿಗೆ ಏನೂ ಆಗುವುದಿಲ್ಲ. ಸತ್ತ ಮರಿ ಕಣ್ಣ ಮುಂದಿತ್ತು. ಹೊಗೆ ಹಾಕಿಸಿದ ಬಿಲದ ಆ ಕೆಮ್ಮೂ ಕಿವಿಯಲ್ಲಿತ್ತು. ಸಾಹೇಬರ ಕೋಣೆಗೆ ಹೋಗಿ ನಿಂತೆ.

“ಸಾರ್, ಜಡೆಯ ಕಡತ ಬರೆದದ್ದು ನಾನು. ಅಲ್ಲಿ ತೋಳ ಇರಲಿಲ್ಲ. ಸೀಳುನಾಯಿಗೆ ಕಾಲಂ ಇಲ್ಲದ್ದಕ್ಕೆ ತೋಳ ಅಂತ ಬರೆದೆ. ಮತ್ತೆ, ನಾವು ಬಿಟ್ಟದ್ದು ಸೊರಬದಲ್ಲಿಲ್ಲ. ವಾಪಸ್ ಬಂದಿದೆ.”

ಅವರು ಬೈಯುತ್ತಾರೆಂದು ಕಾದೆ. ಅವರು ಪೆನ್ನು ಕೆಳಗಿಟ್ಟರು. “ವಾಪಸ್ ಬಂತೇ? ನಡೆದುಕೊಂಡು?” ಎಂದರು. ಕಣ್ಣು ಅರಳಿತ್ತು. “ಮರಿಗಳು?”

“ಒಂದು ಹೋಯಿತು ಸಾರ್. ಎರಡು ಇವೆ.”

ಎದ್ದು ಕಿಟಕಿಯ ಹತ್ತಿರ ಹೋದರು. ಮೂಗು ಒರೆಸಿಕೊಂಡಂತೆ ಕಂಡಿತು. ತಿರುಗಿ ಬಂದು ಕೂತಾಗ ಮತ್ತೆ ಅಧಿಕಾರಿಯಾಗಿದ್ದರು. ಸುಳ್ಳು ದಾಖಲೆ ಬರೆದದ್ದಕ್ಕೆ ನನಗೆ ಮೆಮೊ ಕೊಟ್ಟರು, ಒಂದು ಇನ್‌ಕ್ರಿಮೆಂಟು ಹೋಯಿತು. ಎರಡನೆಯ ಹಂತದ ಕಡತವನ್ನು ಮುಚ್ಚಿದರು. ‘ಚೆನ್ನಾಗಿ ಹೊಂದಿಕೊಂಡಿದೆ’ ಎಂಬ ವರದಿಯನ್ನು ಮಾತ್ರ ಹಿಂದಕ್ಕೆ ತರಿಸಲಿಲ್ಲ. ಅದು ಆಗಲೇ ಬೆಂಗಳೂರು ತಲುಪಿ, ಯಾವುದೋ ಪುಸ್ತಿಕೆಯಲ್ಲಿ ಅಚ್ಚಾಗಿತ್ತು. ಕಾಗದದ ತೋಳ ಸೊರಬದಲ್ಲಿ ಉಳಿಯಿತು.

ನೀಲಗಿರಿಯ ಹುಕುಂ ನಿಲ್ಲಲಿಲ್ಲ. ಬೇಸಿಗೆಯಲ್ಲಿ ಗುಂಡಿ ತೋಡಿಸುವ ಕೆಲಸ ನನ್ನ ಮೇಲೆಯೇ ಬಿತ್ತು. ಗುಡ್ಡದ ಮುಂಭಾಗವೆಲ್ಲ ಗುಂಡಿಯಾಯಿತು. ಹಿಂದಿನ ಕೊರಕಲು, ಅದರ ಸುತ್ತಲಿನ ಹುಲ್ಲುಗಾವಲನ್ನು ನಾನು ನಕ್ಷೆಯಲ್ಲಿ ಗೆರೆ ಎಳೆದು ಬಿಟ್ಟೆ. ಸಾಹೇಬರು ನಕ್ಷೆಯ ಮೇಲೆ ಬೆರಳಿಟ್ಟರು.

“ಇಲ್ಲಿ ಯಾಕೆ ಬಿಟ್ಟಿದ್ದೀಯ?”

“ಬಂಡೆ ಸಾರ್. ಗುಂಡಿ ತೋಡಲು ಬರುವುದಿಲ್ಲ.”

“ಬಂಡೆ?”

“ಬಂಡೆ ಅಂತ ಬರೆದಿದ್ದೇನೆ ಸಾರ್.”

ಅವರು ಕನ್ನಡಕದ ಮೇಲಿನಿಂದ ನನ್ನನ್ನು ದಿಟ್ಟಿಸಿದರು. ಆ ಕೊರಕಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ಎದ್ದವರು, ಅಲ್ಲಿದ್ದದ್ದು ಮೆತ್ತನೆಯ ಮಣ್ಣು ಎಂದು ಅವರ ಪ್ಯಾಂಟಿಗೂ ಗೊತ್ತಿತ್ತು. “ನಿನ್ನ ಬರವಣಿಗೆಯ ಮೇಲೆ ನನಗೆ ಪೂರ್ತಿ ನಂಬಿಕೆಯಿದೆ” ಎಂದು ಸಹಿ ಹಾಕಿದರು. ಆ ವರ್ಷವೇ ಅವರಿಗೆ ವರ್ಗವಾಯಿತು. ಹೋಗುವಾಗ ನನ್ನ ಕೈ ಕುಲುಕಿದರು. ನನ್ನ ಸರ್ವಿಸಿನಲ್ಲಿ ಗಾರ್ಡ್ ಒಬ್ಬನ ಕೈ ಕುಲುಕಿದ ಮೇಲಧಿಕಾರಿ ಅವರೊಬ್ಬರೇ.

ಹೀಗೆ ನನ್ನ ಮೊದಲ ಸುಳ್ಳಿನಿಂದ ಒಂದು ಮರಿ ಸತ್ತಿತು, ಎರಡನೆಯದರಿಂದ ಒಂದು ಕೊರಕಲು ಉಳಿಯಿತು. ಇದರಿಂದ ಹೊಸಬರು ಯಾವ ಪಾಠ ಕಲಿಯಬೇಕೆಂದು ಕೇಳಿದರೆ ನನಗೆ ತಿಳಿಯದು. ತರಬೇತಿ ಶಾಲೆಯವರನ್ನು ಕೇಳಿ.

ಮುಂದಿನ ವರ್ಷ ಮಳೆ ಮುಗಿದ ಮೇಲೆ ಒಂದು ಸಂಜೆ ಹನುಮವ್ವ ನನ್ನ ಕ್ವಾರ್ಟರ್ಸಿನ ಮುಂದೆ ಬಂದು ನಿಂತಳು. ಕೂದಲು ಕೆದರಿತ್ತು, ಮುಖ ಕೆಂಪಾಗಿತ್ತು. ಕಂಬಳಿಯಲ್ಲಿ ಸುತ್ತಿದ್ದ ಕುರಿಮರಿಯ ಒಂದು ಕಾಲನ್ನು ತೆಗೆದು ಜಗಲಿಯ ಮೇಲೆ ಇಟ್ಟಳು.

“ನೋಡ್ರೀ ನಿಮ್ಮ ತ್ವಾಳದ ಕೆಲಸ! ನಿನ್ನೆ ಹುಟ್ಟಿದ ಮರಿ. ನನ್ನ ಕಣ್ಣ ಮುಂದ ಒಯ್ತು. ಕೋಲು ಒಗದೆ, ಬೈದೆ, ಓಡಿದೆ. ಹರದ ಕಿವಿದು ಅಲ್ರೀ, ಹೊಸಾದು. ಅದರ ಮಗ ಇರಬೇಕು. ಅವ್ವನಕಿಂತ ಜೋರೈತಿ. ನಿಮ್ಮ ಇಲಾಖಿಗೆ ಬೆಂಕಿ ಬೀಳ, ನಿಮ್ಮ ಕಾಯ್ದೆ ಹಾಳಾಗ!”

ಅವಳು ಬೈದಷ್ಟೂ ನಾನು ಕೇಳಿದೆ. ಅವಳ ನಷ್ಟ ನಿಜ, ಅವಳ ಕಣ್ಣೀರೂ ನಿಜ. ನಗು ಬಂದರೂ ನಗುವ ಹಕ್ಕು ನನಗಿರಲಿಲ್ಲ. ಆದರೆ ಇಡೀ ಸರ್ವಿಸಿನಲ್ಲಿ ನನ್ನ ಜಗಲಿಗೆ ಬಂದ ದೂರುಗಳಲ್ಲಿ ಅಷ್ಟು ಸಂತೋಷ ಕೊಟ್ಟದ್ದು ಇನ್ನೊಂದಿಲ್ಲ. ಒಳಗೆ ಹೋಗಿ ನೀರು ತಂದುಕೊಟ್ಟೆ, ಫಾರಂ ತೆಗೆದೆ, ಪೆನ್ನು ಬಿಚ್ಚಿದೆ.

“ದೂರು ಬರ್ಕೊಳ್ಳಲೇನು ಹನುಮವ್ವ? ಮೇಲಕ್ಕೆ ಕಳಿಸ್ತೀನಿ.”

ಅವಳು ನೀರು ಕುಡಿದು ಚೊಂಬು ಕೆಳಗಿಟ್ಟಳು. ಸೆರಗಿನಿಂದ ಬಾಯಿ ಒರೆಸಿಕೊಂಡು, ಫಾರಮನ್ನೂ ನನ್ನನ್ನೂ ಒಂದು ಸಲ ನೋಡಿದಳು.

“ಬ್ಯಾಡ್ರೀ,” ಎಂದಳು. “ಬರದ್ರ ಮತ್ತ ಉಳಸಾಕ ಬರ್ತೀರಿ.”